ತಿಪ್ಪೇಶಣ್ಣನ ‘ತಿಳೀತಾ?’
ಹೊಸದುರ್ಗದಲ್ಲಿ ಸೈಬರ್ ಸೆಂಟರ್ ಇಟ್ಟಿರುವ ತಿಪ್ಪೇಶಣ್ಣನಿಗೆ ಒಂದೇ ಹುಚ್ಚು. ಕಂಪ್ಯೂಟರ್ ಗೇಮ್ ಆಡುವುದಲ್ಲ, ಅದನ್ನು ತಯಾರಿಸುವುದು ಹೇಗೆಂದು ಕನ್ನಡದಲ್ಲಿ ಹೇಳಿಕೊಡುವ ವಿಡಿಯೊ ಪಾಠ ಮಾಡಿಸುವುದು. ಸ್ವತಃ ಏಳನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟರಿಗೆ ಹೆದರಿ ಶಾಲೆ ಬಿಟ್ಟವನು. ಪಾಠ ಮಾಡಿದವರಿಗೆ ಕೈತುಂಬ ದುಡ್ಡು ಕೊಡುತ್ತಾನೆ, ಆದರೆ ಆ ಪಾಠದ ಸೀಡಿಯನ್ನು ಕೇಳಿದವರಿಗೆಲ್ಲ ಪುಕ್ಕಟೆ ಹಂಚುತ್ತಾನೆ. ಐಮಂಗಲಕ್ಕೆ ಬೀಗರೂಟಕ್ಕೆ ಹೋದರೂ ಎಲೆ ಅಡಿಕೆ ತಟ್ಟೆಯ ಪಕ್ಕ ಒಂದಿಷ್ಟು ಸೀಡಿ ಇಟ್ಟು ಬರುತ್ತಾನೆ. ಬಿಸಿಎ ಓದಿದವರು ಯಾರೇ ಕಣ್ಣಿಗೆ ಬಿದ್ದರೂ “ಬರ್ರಿ, ಕುಂತ್ಕಳ್ರಿ, ಗೇಮಿನಾಗೆ ಚೆಂಡು ಗೋಡೆಗೆ ಬಡ್ದು ವಾಪಸ್ ಬರೋದು ಹೆಂಗಂತ ಹೇಳ್ರಿ” ಎಂದು ಮೈಕು ಕೈಗಿಡುತ್ತಾನೆ. ಹಾಗೆ ಸಿಕ್ಕಿಬಿದ್ದವರಲ್ಲಿ ನಾನೂ ಒಬ್ಬಳು. ಅವನದು ಒಂದೇ ಕರಾರು: ಒಂದೊಂದು ವಿಷಯ ಹೇಳಿದ ಮೇಲೂ ‘ತಿಳೀತಾ?’ ಎಂದು ಕೇಳಬೇಕು, ಒಂದು ಗುಟುಕು ಟೀ ಕುಡಿಯುವಷ್ಟು ಹೊತ್ತು ಸುಮ್ಮನಿರಬೇಕು, ಆಮೇಲೆ ಅದನ್ನೇ ಇನ್ನೊಮ್ಮೆ ಹೇಳಬೇಕು. “ವಿಡಿಯೊದಾಗೆ ಯಾರು ಉತ್ತರ ಕೊಡ್ತಾರೆ ತಿಪ್ಪೇಶಣ್ಣ? ಆ ಸುಮ್ಮನಿರೋದನ್ನ ಕಟ್ ಮಾಡಾಣ” ಎಂದೆ. “ಬ್ಯಾಡಮ್ಮ, ನಾನು ದುಡ್ಡು ಕೊಡೋದೇ ಅದಕ್ಕೆ” ಎಂದ. ನಿನ್ನೆ ಮೈಕು ವಾಪಸು ಕೊಡಲು ಹೋದಾಗ, ಗಿರಾಕಿಗಳಿಲ್ಲದ ಸೆಂಟರಿನಲ್ಲಿ ಅವನೊಬ್ಬನೇ ನೋಟ್‌ಬುಕ್ ಹಿಡಿದು ನನ್ನ ಪಾಠದ ಮುಂದೆ ಕುಳಿತಿದ್ದ. ಪರದೆಯೊಳಗಿನ ನಾನು ‘ತಿಳೀತಾ?’ ಎಂದು ಕೇಳಿ ಸುಮ್ಮನಾದೆ. ನಲವತ್ತೈದು ದಾಟಿದ ತಿಪ್ಪೇಶಣ್ಣ ಕುರ್ಚಿಯಿಂದ ಎದ್ದು, ಕೈಕಟ್ಟಿ ನಿಂತು, “ಇಲ್ಲ ಮಿಸ್” ಎಂದ.