ಶೀನಪ್ಪಣ್ಣನ ವಿಸಿಲ್

ಶೀನಪ್ಪಣ್ಣನ ಕುತ್ತಿಗೆಯಲ್ಲಿ ಸದಾ ಒಂದು ವಿಸಿಲ್ ನೇತಾಡುತ್ತಿತ್ತು. ಅಂಗಿ ಇಲ್ಲದ ದಿನಗಳಿದ್ದವು, ವಿಸಿಲ್ ಇಲ್ಲದ ದಿನವನ್ನು ನಾನು ಕಂಡಿಲ್ಲ. ಸ್ನಾನಕ್ಕೆ ಹೋಗುವಾಗಲೂ ತೆಗೆಯುತ್ತಿರಲಿಲ್ಲ ಎಂದು ಅವರ ಹೆಂಡತಿ ಲಲಿತಕ್ಕ ಹೇಳುತ್ತಿದ್ದರು. ಬಂಟ್ವಾಳ–ಬೆಳ್ತಂಗಡಿ ಬಸ್ಸಿನಲ್ಲಿ ಕಂಡಕ್ಟರಾಗಿ ಹಣ್ಣಾದ ಮನುಷ್ಯ. ಬಸ್ಸು ಬಿಟ್ಟರೂ ವಿಸಿಲ್ ಬಿಡಲಿಲ್ಲ. ಪುಂಜಾಲಕಟ್ಟೆಯಲ್ಲಿ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವರ ಮನೆ. ಮಧ್ಯಾಹ್ನ ಉಂಡು ಒರಗಿದಾಗ ಆ ಕಡೆಯಿಂದ ಉದ್ದಕ್ಕೆ ಒಂದು ವಿಸಿಲ್ ಕೇಳಿಸಿದರೆ, ಬಸ್ಸು ತಪ್ಪಿತೆಂದು ಯಾರೂ ಎದ್ದು ಓಡುತ್ತಿರಲಿಲ್ಲ. ಯಾರದೋ ಕಾರಿನಿಂದ ಒಂದು ಸ್ಟಿಕ್ಕರ್ ಹರಿಯದೆ ಪೂರ್ತಿಯಾಗಿ ಎದ್ದು ಬಂತು ಎಂದು ಅರ್ಥ.

ನಮ್ಮ ಕಡೆ ಕಾರಿಗೆ ಎಂಜಿನ್ ಎಷ್ಟು ಮುಖ್ಯವೋ ಸ್ಟಿಕ್ಕರೂ ಅಷ್ಟೇ ಮುಖ್ಯ. ಹಿಂದಿನ ಗಾಜಿನಲ್ಲಿ ಮನೆತನದ ಹೆಸರು, ಬಾನೆಟ್ಟಿನ ಮೇಲೆ ಕುಟುಂಬದ ದೈವ, ಬಾಗಿಲಿನಲ್ಲಿ ಮಕ್ಕಳ ಹೆಸರು. ಅಂಟಿಸಿಕೊಡುವವರು ಪೇಟೆಗೆ ನಾಲ್ಕು ಮಂದಿ ಇದ್ದಾರೆ. ಸಮಸ್ಯೆ ಬರುವುದು ಕಾರು ಮಾರುವಾಗ. ಕೊಂಡವನಿಗೆ ಬೇರೆಯವರ ದೈವ ಬೇಡ, ಆದರೆ ದೈವದ ಹೆಸರಿಗೆ ಬ್ಲೇಡು ಹಾಕುವ ಧೈರ್ಯವೂ ಇಲ್ಲ. ಅಂಥವರೆಲ್ಲ ಶೀನಪ್ಪಣ್ಣನ ಅಂಗಳಕ್ಕೆ ಬರುತ್ತಿದ್ದರು.

ಅವರು ಮೊದಲು ಕಾರನ್ನು ಬಿಸಿಲಿಗೆ ನಿಲ್ಲಿಸುತ್ತಿದ್ದರು. ಬಳಿಕ ಬಚ್ಚಲಿನ ಹಂಡೆಯಿಂದ ಬಿಸಿನೀರು ತಂದು, ಹೆಗಲ ಮೇಲಿನ ಬೈರಾಸು ಅದ್ದಿ ಹಿಂಡಿ, ಜ್ವರ ಬಂದ ಮಗುವಿನ ಹಣೆಗೆ ಹಾಕುವಂತೆ ಸ್ಟಿಕ್ಕರಿನ ಮೇಲೆ ಹಾಸುತ್ತಿದ್ದರು. ಆಮೇಲೆ ಕೈ ಮುಗಿದು ತುಳುವಿನಲ್ಲಿ ವಿಜ್ಞಾಪನೆ: "ಸ್ವಾಮೀ, ಒಂತೆ ದುಂಬು ಪೋಲೆ." ಸ್ವಲ್ಪ ಮುಂದೆ ಹೋಗಿ ಎಂದು ಬಸ್ಸಿನಲ್ಲಿ ಬಾಗಿಲ ಬಳಿ ನಿಂತವರಿಗೆ ಹೇಳುತ್ತಿದ್ದ ಅದೇ ಮಾತು, ಅದೇ ಸ್ವರ. ಇಷ್ಟಾದ ಮೇಲೆಯೇ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸುತ್ತಿದ್ದದ್ದು. ದೈವದ ಜೊತೆ ತುಳು, ನಮ್ಮ ಜೊತೆ ತುಳು. ಕಾರಿನ ಜೊತೆ ಮಾತ್ರ ಕನ್ನಡ. ಯಾಕೆಂದು ಕೇಳಿದರೆ, "ಅದು ಆಫೀಸಿನಲ್ಲಿ ರಿಜಿಸ್ಟರ್ ಆದದ್ದಲ್ವಾ?" ಎನ್ನುತ್ತಿದ್ದರು.

ಸ್ಟಿಕ್ಕರ್ ಎದ್ದ ಮೇಲೆ ಉಳಿದ ಗೋಂದಿಗೆ ತೆಂಗಿನೆಣ್ಣೆ ಸವರಿ, ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಸಣ್ಣ ಉಂಡೆ ಮಾಡಿ ಉದುರಿಸುತ್ತಿದ್ದರು. ಕೊನೆಗೆ ಶಾಂಪೂ ಹಾಕಿ ತೊಳೆದು ಎಣ್ಣೆ ಬಿಡಿಸುವುದು. ಯಾರಾದರೂ ಅವಸರ ಮಾಡಿದರೆ ಒಂದೇ ಉತ್ತರ: "ಅಂಟಿದ್ದನ್ನು ಎಳೆಯಬಾರದು ಮಾರಾಯ, ಒಪ್ಪಿಸಬೇಕು."

ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ, ತೆಗೆದ ಸ್ಟಿಕ್ಕರ್ ಅವರಿಗೆ. ದೈವದ ಹೆಸರನ್ನು ಬಿಸಾಡುವ ಹಾಗಿಲ್ಲ, ಸುಡುವ ಹಾಗಿಲ್ಲ, ಕಾಲಡಿಗೆ ಬೀಳುವ ಹಾಗಂತೂ ಇಲ್ಲವೇ ಇಲ್ಲ. ಆದ್ದರಿಂದ ಎಲ್ಲವೂ ಲಲಿತಕ್ಕನ ಫ್ರಿಜ್ಜಿಗೆ ಅಂಟಿದವು. ಮೇಲಿನ ಬಾಗಿಲು ದೈವಗಳಿಗೆ, ಕೆಳಗಿನ ಬಾಗಿಲು ಕಂಪೆನಿಗಳ ಮುದ್ರೆಗಳಿಗೆ. ಒಳಗೆ ಮೀನು ಇಡಬಹುದೇ ಎಂದು ಲಲಿತಕ್ಕ ಹೆದರಿ ಕೇಳಿದ್ದರಂತೆ. "ಅವರಿಗೆ ಕೋಳಿ ಆಗ್ತದೆ, ಬಂಗುಡೆ ಯಾಕೆ ಆಗುವುದಿಲ್ಲ?" ಎಂದರಂತೆ ಇವರು.

ಒಮ್ಮೆ ದುಬೈಯಿಂದ ರಜೆಯಲ್ಲಿ ಬಂದ ಜಗನ್ನಾಥ ಹೊಸ ಕಾರು ತಂದು ನಿಲ್ಲಿಸಿದ. ಹಿಂಬದಿಯಲ್ಲಿ ಹೊಳೆಯುವ ಎರಡು ಅಕ್ಷರಗಳಿದ್ದವು. ಆ ಕಾರಿನಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯ ಮಾದರಿ ಅದೇ ಎಂದು ಅವು ಸಾರುತ್ತಿದ್ದವು. ಭಾವನ ಕಾರಿನಲ್ಲಿ ಮೇಲಿನ ಮಾದರಿಯ ಅಕ್ಷರಗಳು. ಜಗನ್ನಾಥನಿಗೆ ಅನ್ನ ಸೇರುತ್ತಿರಲಿಲ್ಲ.

"ಕಂಪೆನಿಯವರು ಹಾಕಿದ್ದಕ್ಕೆ ದೈವವನ್ನು ಕೇಳಬೇಕಂತ ಇಲ್ಲ. ನಿನ್ನ ಹೆಂಡತಿಯನ್ನು ಕೇಳಿದ್ದೀಯಾ?" ಎಂದರು ಶೀನಪ್ಪಣ್ಣ.

"ಅವಳೇ ಕಳಿಸಿದ್ದು."

ಬಿಸಿ ಬೈರಾಸು ಹಾಕಿ, ಗಾಳದ ನೈಲಾನ್ ದಾರವನ್ನು ಅಕ್ಷರದ ಹಿಂದೆ ತೂರಿಸಿ, ಗರಗಸದಂತೆ ಆಚೀಚೆ ಎಳೆದರು. ಬಣ್ಣಕ್ಕೆ ಒಂದು ಗೀರೂ ಬೀಳದೆ ಅಕ್ಷರಗಳು ಅಂಗೈಗೆ ಬಂದವು. ವಿಸಿಲ್ ಆಯಿತು. ಸ್ವಲ್ಪ ದಿನ ಕಳೆದು ಜಗನ್ನಾಥ ಅಳುಮುಖ ಮಾಡಿಕೊಂಡು ಪುನಃ ಬಂದ. "ಇದ್ದಾಗ ಒಬ್ಬನೂ ಓದಲಿಲ್ಲ ಶೀನಪ್ಪಣ್ಣ. ಈಗ ಕಂಡವರೆಲ್ಲ ಅಲ್ಲಿ ಏನಿತ್ತು, ಯಾಕೆ ತೆಗೆಸಿದಿ ಅಂತ ಕೇಳ್ತಾರೆ. ಅದನ್ನೇ ಪುನಃ ಹಾಕಿ ಕೊಡಿ."

ಅಷ್ಟರಲ್ಲಿ ಅಕ್ಷರಗಳು ಫ್ರಿಜ್ಜಿನ ಕೆಳಗಿನ ಬಾಗಿಲು ಸೇರಿದ್ದವು. "ಇಳಿಸಿದ ಪ್ಯಾಸೆಂಜರನ್ನು ಪುನಃ ಹತ್ತಿಸುವ ಕ್ರಮ ನಮ್ಮಲ್ಲಿ ಇಲ್ಲ," ಎಂದು ಶೀನಪ್ಪಣ್ಣ ಬೈರಾಸು ಕೊಡವಿ ಒಳಗೆ ಹೋದರು.

ಇಂಥ ಮನುಷ್ಯ ಸೋತದ್ದು ನನ್ನ ಕಾರಿನ ಎದುರು. ನಾನು ಬಂಟ್ವಾಳದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ಬಸ್ಸಿನಲ್ಲಿ ನೇತಾಡಿ ಸಾಕಾಗಿ ಕೊಕ್ಕಡದ ಒಬ್ಬರಿಂದ ಹಳೆಯ ಕೆಂಪು ಕಾರು ಕೊಂಡೆ. ಬಾನೆಟ್ಟಿನ ನಡುವೆ ಹಂದಿರೂಪದ ದೈವ ಪಂಜುರ್ಲಿಯ ದೊಡ್ಡ ಮುಖದ ಸ್ಟಿಕ್ಕರ್, ಕೋರೆಹಲ್ಲು ಸಮೇತ. ಅಂಗಳದಲ್ಲಿ ಕಾರು ನಿಲ್ಲಿಸಿದ್ದೇ ತಡ, ಕನ್ಯಾನದ ಮನೆತನದವಳಾದ ನನ್ನ ಅಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

"ಅದು ಅವರ ಕುಟುಂಬದ್ದು. ಹಿಂದೆ ದಾರಿಯಲ್ಲಿ ಹೋಗುವವರ ಕೊಡೆಯ ನೆರಳು ಹಿಡಿದು ಅವರ ಮನೆಗೇ ಬಂದ ದೈವಗಳು ಉಂಟು. ನಾಳೆ, ಕೊಕ್ಕಡದಿಂದ ಕರ್ಕೊಂಡು ಬಂದಿದ್ದೀರಿ, ಇನ್ನು ಇಲ್ಲಿ ಜಾಗ ಕೊಡಿ ಅಂತ ಕೇಳಿದರೆ ಎಲ್ಲಿಂದ ಕೊಡುವುದು? ಇದ್ದದ್ದೇ ಐದು ಸೆಂಟ್ಸ್."

ಮುಂದಿನ ಭಾನುವಾರವೇ ಮೂಡಬಿದ್ರೆಯಲ್ಲಿ ನನ್ನ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ. ಅಮ್ಮನನ್ನು ನನ್ನದೇ ಕಾರಿನಲ್ಲಿ ಕೂರಿಸಿಕೊಂಡು ಹೋಗಬೇಕು ಎಂಬ ಒಂದೇ ಆಸೆಗೆ ನಾನು ಆ ಕಾರು ಕೊಂಡದ್ದು. ಅದರ ಮುಖ ಬೋಳಾಗದೆ ತಾನು ಹತ್ತುವುದಿಲ್ಲ, ಬಸ್ಸಿನಲ್ಲಿಯೇ ಬರುತ್ತೇನೆ ಎಂದು ಅಮ್ಮ ಹಟ ಹಿಡಿದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ನೇರ ಶೀನಪ್ಪಣ್ಣನ ಅಂಗಳಕ್ಕೆ ಕಾರು ತಿರುಗಿಸಿದೆ.

ಬಿಸಿಲು, ಬೈರಾಸು, ವಿಜ್ಞಾಪನೆ ಎಲ್ಲ ಕ್ರಮದಂತೆಯೇ ಆಯಿತು. ಸ್ಟಿಕ್ಕರ್ ಬಾಳೆಲೆಯ ಹಾಗೆ ಪೂರ್ತಿ ಎದ್ದು ಬಂತು. ಗೋಂದು ಹೋಯಿತು. ಶಾಂಪೂ ನೊರೆಯನ್ನು ತೊಳೆದ ಶೀನಪ್ಪಣ್ಣ ವಿಸಿಲನ್ನು ತುಟಿಗೆ ತಂದವರು ಹಾಗೆಯೇ ನಿಂತುಬಿಟ್ಟರು. ಕಾರಿನ ಕೆಂಪು ಬಣ್ಣ ಇಷ್ಟು ವರ್ಷದ ಬಿಸಿಲಿಗೆ ಮಾಸಿತ್ತು; ಸ್ಟಿಕ್ಕರಿನ ಅಡಿಯಲ್ಲಿದ್ದ ಬಣ್ಣ ಮಾತ್ರ ಹೊಸದರಂತೆ ಇತ್ತು. ಪಂಜುರ್ಲಿಯ ಮುಖ ಈಗ ಕಾರಿನ ಮೈಬಣ್ಣದಲ್ಲಿಯೇ, ಮೊದಲಿಗಿಂತ ದಿಟ್ಟವಾಗಿ ನಮ್ಮನ್ನು ನೋಡುತ್ತಿತ್ತು.

"ಇದೇನು ಸ್ವಾಮೀ," ಎಂದರು ಶೀನಪ್ಪಣ್ಣ, ಮೆಲ್ಲಗೆ.

ಆ ವಾರವಿಡೀ ಅವರ ವಿಸಿಲ್ ಕೇಳಲಿಲ್ಲ. ಟೂತ್‌ಪೇಸ್ಟ್ ಹಚ್ಚಿದರು, ಹುಣಸೆಹುಳಿ ಹಚ್ಚಿದರು. ಬೆಳ್ತಂಗಡಿಗೆ ಹೋಗಿ ಪೇಂಟಿನ ಅಂಗಡಿಯಿಂದ ಪಾಲಿಶ್ ತಂದು, ಬನಿಯನ್ ಬಟ್ಟೆಯಲ್ಲಿ ಉಜ್ಜಿದರು. ಉಜ್ಜಿದಷ್ಟೂ ಮುಖ ಹೊಳೆಯಿತು. ಲಲಿತಕ್ಕ ಹೇಳಿದ ಪ್ರಕಾರ ಅವರು ನಿದ್ದೆಯಲ್ಲಿಯೂ "ದುಂಬು ಪೋಲೆ" ಎನ್ನುತ್ತಿದ್ದರಂತೆ.

ಭಾನುವಾರ ಬೆಳಿಗ್ಗೆ ಅಮ್ಮ ಸೀರೆ ಉಟ್ಟು, ಮಗುವಿಗೆ ತಂದ ಬೆಳ್ಳಿಯ ಉಡಿದಾರವನ್ನು ಚೀಲದಲ್ಲಿಟ್ಟು, ಕಾರನ್ನು ನೋಡಿಯೂ ನೋಡದವಳಂತೆ ಬಸ್‌ಸ್ಟಾಪಿನ ಕಡೆ ಹೊರಟಳು. ಗೇಟಿನಲ್ಲಿ ಶೀನಪ್ಪಣ್ಣ ನಿಂತಿದ್ದರು. ಇಸ್ತ್ರಿ ಹಾಕಿದ ಅಂಗಿ, ಹೆಗಲಿಗೆ ಬೈರಾಸು, ಕುತ್ತಿಗೆಗೆ ವಿಸಿಲ್.

"ಅಕ್ಕಾ, ಒಂದು ಮಾತು. ಬಸ್ಸಿನಲ್ಲಿ ಒಬ್ಬರು ಎದ್ದು ಇಳಿದು ಹೋದರೆ ಸೀಟು ಸ್ವಲ್ಪ ಹೊತ್ತು ಬಿಸಿ ಇರ್ತದೆ, ಅಲ್ವಾ?"

"ಇರ್ತದೆ. ಅದಕ್ಕೀಗ ಏನು?"

"ಇದೂ ಅಷ್ಟೇ. ಅವರು ಇಳಿದು ನನ್ನ ಫ್ರಿಜ್ಜಿಗೆ ಬಂದಾಯ್ತು, ಬೇಕಾದರೆ ಬಂದು ನೋಡಿ. ಇಲ್ಲಿ ಇರುವುದು ಸೀಟಿನ ಬಿಸಿ ಮಾತ್ರ."

ಅಮ್ಮ ಬಾನೆಟ್ಟನ್ನು ಓರೆಗಣ್ಣಿನಿಂದ ನೋಡಿದಳು. "ಇಳಿಯದಿದ್ದರೆ?"

"ಅದಕ್ಕೇ ನಾನು ಬಂದದ್ದು. ಮೂಡಬಿದ್ರೆ ತನಕ ಬರ್ತೇನೆ. ಸ್ಟಾಪ್ ಸ್ಟಾಪಿನಲ್ಲಿ ಕೇಳುವ. ಇಳಿಯುವವರು ಇದ್ದರೆ ಇಳಿಯಲಿ. ನಾನು ಇಷ್ಟು ವರ್ಷದಲ್ಲಿ ಯಾರನ್ನೂ ಸ್ಟಾಪ್ ತಪ್ಪಿಸಿ ಕರ್ಕೊಂಡು ಹೋದವನಲ್ಲ ಅಕ್ಕಾ."

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಆದರೂ ಬಿಗುಮಾನ ಬಿಡದೆ, "ನಾನು ಹಿಂದೆ ಕೂತುಕೊಳ್ತೇನೆ," ಎಂದಳು. ಕೂತಳು. ನನ್ನ ಕಾರಿನಲ್ಲಿ, ನನ್ನ ಅಮ್ಮ! ಶೀನಪ್ಪಣ್ಣ ಎದುರಿನ ಸೀಟಿನಲ್ಲಿ ಕೂತು, ಒಂದು ವಾರದ ಬಾಕಿಯನ್ನೆಲ್ಲ ಸೇರಿಸಿ ವಿಸಿಲ್ ಊದಿದರು. "ರೈಟ್ ಪೋಯಿ!"

ಸಿದ್ಧಕಟ್ಟೆಯಲ್ಲಿ ಕಾರು ನಿಲ್ಲಿಸಲು ಹೇಳಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಾನೆಟ್ಟಿನ ಕಡೆಗೆ "ಸಿದ್ಧಕಟ್ಟೆ, ಸಿದ್ಧಕಟ್ಟೆ ಇಳಿಯುವವರು!" ಎಂದು ಕೂಗಿದರು. ಅಂಗಡಿ ಕಟ್ಟೆಯ ಮೇಲೆ ಕೂತವರೆಲ್ಲ ಎದ್ದು ನಿಂತು ನೋಡಿದರು. ಯಾರೂ ಇಳಿಯಲಿಲ್ಲ. ಮುಂದಿನ ಸ್ಟಾಪಿಗೆ ಬರುವಷ್ಟರಲ್ಲಿ ಹಿಂದಿನ ಸೀಟಿನಿಂದ ಅಮ್ಮನೂ ಕೂಗಲು ಸೇರಿಕೊಂಡಿದ್ದಳು. ಮೂಡಬಿದ್ರೆಯಲ್ಲಿ ಇಳಿದು ಬಾನೆಟ್ಟಿನ ಎದುರು ನಿಂತು, "ಇರುವುದಾದರೆ ಇರಲಿ ಪಾಪ, ಬಣ್ಣ ಚೆನ್ನಾಗಿ ಉಂಟು," ಎಂದಳು. ಆ ಮುಖ ಇವತ್ತಿಗೂ ಇದೆ. ಅಮ್ಮ ಈಗ ಎದುರಿನ ಸೀಟಿನಲ್ಲಿಯೇ ಕೂರುವುದು.

ಕಳೆದ ಮಳೆಗಾಲದಲ್ಲಿ ಶೀನಪ್ಪಣ್ಣ ಜ್ವರವೆಂದು ಆಸ್ಪತ್ರೆ ಸೇರಿದರು. ನಾನು ನೋಡಲು ಹೋದಾಗ ಅವರ ಕೈಗೆ ಗ್ಲೂಕೋಸ್ ಸೂಜಿಗೆ ಹಾಕಿದ್ದ ಪ್ಲಾಸ್ಟರನ್ನು ನರ್ಸ್ ಬಿಡಿಸುತ್ತಿದ್ದಳು. "ಎಳೆಯಬಾರದು ಸಿಸ್ಟರ್, ಒಪ್ಪಿಸಬೇಕು. ಸ್ವಲ್ಪ ತೆಂಗಿನೆಣ್ಣೆ ಉಂಟಾ?" ಎಂದು ಕೇಳುತ್ತಿದ್ದರು. ನನ್ನನ್ನು ಕಂಡು, "ಶಾಲಿನೀ, ಅವರು ಇಳಿದರಾ?" ಎಂದರು. "ಇಲ್ಲ ಶೀನಪ್ಪಣ್ಣ, ಕೂತಿದ್ದಾರೆ," ಎಂದೆ. ನಕ್ಕರು. ಅದೇ ಕೊನೆ. ಅವರು ಹೀಗೆ ಅರ್ಧ ದಾರಿಯಲ್ಲಿ ಇಳಿದು ಹೋದದ್ದಕ್ಕೆ ನನಗೆ ಇನ್ನೂ ಸಿಟ್ಟಿದೆ.

ಮೊನ್ನೆ ಲಲಿತಕ್ಕನ ಫ್ರಿಜ್ ಕೆಟ್ಟಿತು. ಹೊಸದನ್ನು ತಂದ ಅಂಗಡಿಯ ಹುಡುಗರು ಹಳೆಯದನ್ನು ಒಯ್ಯಲು ಬಂದವರು, ಮೇಲಿನ ಬಾಗಿಲು ನೋಡಿ ಚಪ್ಪಲಿ ಕಳಚಿ ಹೊರಗಿಟ್ಟರು. "ನಾವು ಇದನ್ನು ಮುಟ್ಟುವುದಿಲ್ಲ ಅಕ್ಕ, ಗಾಡಿಯಲ್ಲಿ ಅಡ್ಡ ಮಲಗಿಸಲಿಕ್ಕೆ ಧೈರ್ಯ ಇಲ್ಲ," ಎಂದು ಹೋಗಿಯೇಬಿಟ್ಟರು. ಸುದ್ದಿ ಕೇಳಿ ಅಮ್ಮನೂ ನಾನೂ ಹೋದೆವು. ಸ್ಟಿಕ್ಕರುಗಳನ್ನು ತೆಗೆಯುವ ಮಾತು ಬಂದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಅಮ್ಮ, "ಅದು ಅಲ್ಲಿಯೇ ಇರಲಿ ಲಲಿತಾ, ಹಪ್ಪಳ ಸಂಡಿಗೆ ಇಡ್ಲಿಕ್ಕೆ ಆಗ್ತದೆ," ಎಂದು ತೀರ್ಮಾನ ಕೊಟ್ಟಳು.

ಹೊಸ ಫ್ರಿಜ್ಜಿನ ಬಾಗಿಲಿನಲ್ಲಿ ಕರೆಂಟು ಉಳಿತಾಯದ ನಕ್ಷತ್ರಗಳ ಸ್ಟಿಕ್ಕರ್ ಒಂದಿತ್ತು. ಲಲಿತಕ್ಕನಿಗೆ ಅದು ಬೇಡವಾಗಿತ್ತು. ಇಷ್ಟಾದರೂ ಮಾಡೋಣವೆಂದು ನಾನು ಮೂಲೆ ಹಿಡಿದು ಎಳೆದೆ. ಅರ್ಧಕ್ಕೆ ಹರಿಯಿತು. ಉಳಿದರ್ಧ ಬಿಳಿ ಗೋಂದಾಗಿ ಅಲ್ಲಿಯೇ ಕೂತಿತು.

"ಎಳೆದಿಯಾ?" ಎಂದರು ಲಲಿತಕ್ಕ. ಬಚ್ಚಲಿಗೆ ಹೋಗಿ ಬಿಸಿನೀರಿನಲ್ಲಿ ಬೈರಾಸು ಹಿಂಡಿ ತಂದರು. ಶೀನಪ್ಪಣ್ಣನದೇ ಬೈರಾಸು. ಅದನ್ನು ಬಾಗಿಲಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ನಕ್ಷತ್ರಗಳಿಗೆ "ಒಂತೆ ದುಂಬು ಪೋಲೆ" ಎಂದರು. ನಾವಿಬ್ಬರೂ ನಗಲಾರಂಭಿಸಿದೆವು, ಅವರೂ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಬ್ಬೆರಳಿನಿಂದ ಉಜ್ಜಿದಂತೆಲ್ಲ ಗೋಂದು ಉಂಡೆ ಉಂಡೆಯಾಗಿ ಉದುರಿತು. ಬಾಗಿಲು ಸ್ವಚ್ಛವಾಯಿತು.

ಮೂವರೂ ಕಾದು ನಿಂತೆವು, ವಿಸಿಲ್ ಆಗಲಿಲ್ಲ.