ವಾಗ್ಳೆ ಎಸ್ಟೇಟಿನಿಂದ ಕದಲದ ಚುಕ್ಕಿ

ನಮ್ಮ ಹಿರಿಯ ಮೆಕ್ಯಾನಿಕ್ ನಮಗೆ ಮೋಸ ಮಾಡುತ್ತಿದ್ದಾರೆ ಎಂದು ನಾನು ಸುಮಾರು ಒಂದೂವರೆ ತಿಂಗಳು ನಂಬಿದ್ದೆ. ನಂಬಲು ನನ್ನ ಬಳಿ ಸಾಕ್ಷಿ ಇತ್ತು: ಕಂಪ್ಯೂಟರಿನ ನಕ್ಷೆಯ ಮೇಲೆ ಅವರ ಫೋನನ್ನು ತೋರಿಸುವ ಒಂದು ಹಸಿರು ಚುಕ್ಕಿ. ಬೆಳಿಗ್ಗೆ ಒಂಬತ್ತೂವರೆಗೆ ಅದು ಠಾಣೆ ನಗರದ ಕೈಗಾರಿಕಾ ಪ್ರದೇಶವಾದ ವಾಗ್ಳೆ ಎಸ್ಟೇಟಿನಲ್ಲಿ, ನಮ್ಮ ವರ್ಕ್‌ಶಾಪಿನ ಗೇಟಿನ ಹತ್ತಿರ ಇರುತ್ತಿತ್ತು. ಮಧ್ಯಾಹ್ನ ಒಂದಕ್ಕೂ ಅಲ್ಲೇ, ಸಂಜೆ ಐದಕ್ಕೂ ಅಲ್ಲೇ. ಮನುಷ್ಯ ಮಾತ್ರ ಅಲ್ಲಿರುತ್ತಿರಲಿಲ್ಲ.

ಇದು 2011ರ ಮಾತು. ನಾನು ಮೈಸೂರಿನವಳು. ಠಾಣೆಗೆ ಸಮೀಪದ ಮಹಾಪೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಆರು ವರ್ಷ ದುಡಿದು, ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟು ಸಾನಪಾಡಾದ ಮನೆಯಲ್ಲಿದ್ದೆ. ನನ್ನ ಗಂಡನ ಸೋದರಮಾವ ಉಡುಪಿಯ ಕಡೆಯವರು. ಬಳಗದವರೆಲ್ಲ ಹೋಟೆಲಿಗೆ ಸೇರಿಕೊಂಡರೆ ಇವರೊಬ್ಬರು ಲಿಫ್ಟ್ ರಿಪೇರಿ ಕಲಿತರು. ವಾಗ್ಳೆ ಎಸ್ಟೇಟಿನಲ್ಲಿ ಪುಟ್ಟ ವರ್ಕ್‌ಶಾಪು, ಐದು ಜನ ಮೆಕ್ಯಾನಿಕ್‌ಗಳು, ಠಾಣೆಯಿಂದ ಕಲ್ಯಾಣದವರೆಗೆ ನಲವತ್ತಕ್ಕೂ ಹೆಚ್ಚು ಹೌಸಿಂಗ್ ಸೊಸೈಟಿಗಳ ಲಿಫ್ಟುಗಳ ಉಸ್ತುವಾರಿ. ಮಗಳು ಪ್ಲೇಸ್ಕೂಲಿಗೆ ಹೋಗತೊಡಗಿದಾಗ ನಾನೂ ಅಲ್ಲಿಗೆ ಹೋಗಿ ಕೂರತೊಡಗಿದೆ.

ಅಲ್ಲಿ ಕೂತು ನೋಡಿದರೆ, ಅರ್ಧ ದಿನ ಓಡಾಟದಲ್ಲೇ ಹೋಗುತ್ತಿತ್ತು. ಮೆಕ್ಯಾನಿಕ್ ಡೊಂಬಿವಿಲಿಗೆ ಹೋಗಿ ಲಿಫ್ಟಿನ ಕಂಟ್ರೋಲ್ ಪೆಟ್ಟಿಗೆ ಬಿಚ್ಚಿದ ಮೇಲೆಯೇ ಯಾವ ಭಾಗ ಸುಟ್ಟಿದೆ ಎಂದು ತಿಳಿಯುವುದು. ಆಮೇಲೆ ಲೋಕಲ್ ರೈಲು ಹಿಡಿದು ಠಾಣೆಗೆ ಬಂದು, ಭಾಗ ತೆಗೆದುಕೊಂಡು ಮತ್ತೆ ಹೋಗಬೇಕು. ಇದಕ್ಕೆ ನಾನೊಂದು ಆ್ಯಪ್ ಬರೆದೆ. ತಲುಪಿದೊಡನೆ ಒಂದು ಬಟನ್ ಒತ್ತುವುದು, ಪೆಟ್ಟಿಗೆಯ ಫೋಟೋ ತೆಗೆದು ಕಳಿಸುವುದು. ಇಲ್ಲಿಂದ ಇನ್ನೊಬ್ಬರು ಭಾಗ ಹಿಡಿದು ಹೊರಡುವುದು. ಯಾರು ಎಲ್ಲಿದ್ದಾರೆ ಎಂದು ನಕ್ಷೆಯಲ್ಲಿ ಕಾಣುವುದು. ಮಾವ ಐದು ಅಗ್ಗದ ಸ್ಮಾರ್ಟ್‌ಫೋನ್ ಕೊಡಿಸಿದರು. ವರ್ಕ್‌ಶಾಪಿನ ಬ್ರಾಡ್‌ಬ್ಯಾಂಡಿನಲ್ಲಿ ಪರೀಕ್ಷೆ ಮಾಡಿದಾಗ ಎಲ್ಲ ಚೆನ್ನಾಗಿ ನಡೆಯಿತು. ಈ ಕೆಲಸ ಇಷ್ಟು ಸುಲಭವಾಗಿದ್ದರೆ ಇದುವರೆಗೆ ಯಾರೂ ಯಾಕೆ ಮಾಡಲಿಲ್ಲ ಎಂದು ನನಗೆ ಒಂದು ಕ್ಷಣ ಅನ್ನಿಸಿತ್ತು. ಆ ಅನುಮಾನಕ್ಕೆ ನಾನು ಬೆಲೆ ಕೊಡಲಿಲ್ಲ.

ಗೇಟು ದಾಟಿದ ಕೂಡಲೇ ಚುಕ್ಕಿಗಳು ನಿಂತುಹೋದವು. ನೆಟ್ ಸಿಗದಿದ್ದರೆ ನಕ್ಷೆ ಕೊನೆಯ ಸಲ ಕಂಡ ಜಾಗವನ್ನೇ ತೋರಿಸುತ್ತಿತ್ತು.

ಹಿರಿಯ ಮೆಕ್ಯಾನಿಕ್ ವಿಜಯಪುರದ ಕಡೆಯವರು. ಕಲ್ಯಾಣದಲ್ಲಿ ಮನೆ ಮಾಡಿ ಇಪ್ಪತ್ತೈದು ವರ್ಷವಾಗಿತ್ತು. ಅವರನ್ನು ಕೇಳಿದೆ.

"ನೆಟ್ ಬರಾಂಗಿಲ್ರಿ ಮೇಡಂ," ಎಂದರು.

"ನಿನ್ನೆ ನಿಮ್ಮ ಕೆಲಸ ಡೊಂಬಿವಿಲಿ ಸ್ಟೇಷನ್ ಎದುರಿಗೇ ಇತ್ತಲ್ಲ. ಅಲ್ಲೂ ಬರಲ್ವಾ?"

"ಬಂದ್ರೂ ಬ್ಯಾಲೆನ್ಸ್ ಇರಬೇಕಲ್ರಿ. ನಿಮ್ಮ ಆ್ಯಪ್ ಪೈಸೆ ತಿಂತದ."

ನಾನು ನಕ್ಕೆ. ಅಷ್ಟು ಪುಟ್ಟ ಆ್ಯಪ್ ಏನು ತಿಂದೀತು? ಐದೂ ಫೋನಿಗೆ ತಿಂಗಳ ಡೇಟಾ ಪ್ಯಾಕ್ ಹಾಕಿಸಿದೆ. ಮಾವನಿಗೆ ಅದೇ ದುಬಾರಿ ಎನಿಸಿತ್ತು. ಹಿರಿಯರದು ಬಿಟ್ಟು ಉಳಿದ ಚುಕ್ಕಿಗಳು ಕದಲಿದವು, ಆದರೆ ಆ ಪ್ಯಾಕು ಒಂದು ವಾರವೂ ಬಾಳಲಿಲ್ಲ. ಪ್ಯಾಕು ಮುಗಿದ ಮೇಲೆ ಕಂಪನಿಯವರು ಪ್ರತಿ ಹತ್ತು ಕೆಬಿಗೆ ಇಷ್ಟೆಂದು ಬ್ಯಾಲೆನ್ಸಿನಿಂದ ಕತ್ತರಿಸುತ್ತಿದ್ದರು. ಒಬ್ಬ ಮೆಕ್ಯಾನಿಕ್ಕಿನ ಫೋನು ಸೊನ್ನೆಗೆ ಬಂದು, ಲಿಫ್ಟಿನಲ್ಲಿ ಸಿಕ್ಕಿಬಿದ್ದ ಅಜ್ಜಿಯ ಮನೆಯವರಿಗೆ ಫೋನ್ ಮಾಡಲೂ ಆಗಲಿಲ್ಲ.

ಆಗ ನನ್ನ ತಲೆಯಲ್ಲಿ ಅನುಮಾನಗಳು ಒಂದರ ಹಿಂದೆ ಒಂದು ಸಾಲುಗಟ್ಟಿದವು. ಇವರು ರೈಲಿನಲ್ಲಿ ಸಿನಿಮಾ ನೋಡುತ್ತಿದ್ದಾರೆ. ಇಲ್ಲ, ಮೊಬೈಲ್ ಕಂಪನಿಯವರೇ ಸುಮ್ಮನೆ ಕತ್ತರಿಸುತ್ತಿದ್ದಾರೆ. ಕಸ್ಟಮರ್ ಕೇರಿನ ಹುಡುಗಿಯನ್ನು ಹಿಂದಿಯಲ್ಲಿ ಕೇಳಿದರೆ, "ಬಳಸಿದ್ದಕ್ಕೆ ಮಾತ್ರ ಕತ್ತರಿಸುತ್ತೇವೆ ಮೇಡಂ" ಎಂದು ಒಂದೇ ಮಾತನ್ನು ಮೂರು ಸಲ ಹೇಳಿದಳು. ಬಳಸಿದ್ದು ಏನು ಎಂದು ಹೇಳಲು ಅವಳ ಬಳಿ ಏನೂ ಇರಲಿಲ್ಲ.

ಅದೇ ಹೊತ್ತಿಗೆ ಇನ್ನೊಂದನ್ನು ಗಮನಿಸಿದೆ. ಹಿರಿಯ ಮೆಕ್ಯಾನಿಕ್ ಬಳಿ ತಮ್ಮದೇ ಹಳೆಯ ಬಟನ್ ಫೋನ್ ಇತ್ತು. ಅದು ಒಂದು ಸಲ ರಿಂಗಾಗಿ ನಿಲ್ಲುತ್ತಿತ್ತು. ಕೆಲವು ಸಲ ನಿಂತು ಮತ್ತೊಮ್ಮೆ ರಿಂಗಾಗುತ್ತಿತ್ತು. ಅವರು ಎತ್ತುತ್ತಿರಲಿಲ್ಲ, ವಾಪಸು ಮಾಡುತ್ತಲೂ ಇರಲಿಲ್ಲ. ಕಪಾಟು ತೆರೆದು ಏನೋ ಚೀಲಕ್ಕೆ ಹಾಕಿಕೊಂಡು, "ಬರ್ತೇನ್ರಿ" ಎಂದು ಹೊರಟುಬಿಡುತ್ತಿದ್ದರು. ಎಲ್ಲಿಗೆ ಎಂದರೆ, "ಇಲ್ಲೇ, ಆಜೂಬಾಜೂ."

ನಾನು ಮಾವನಿಗೆ ಹೇಳಿದೆ, "ಇವ್ರು ನಮ್ಮ ಸಾಮಾನು ತಗೊಂಡು ಹೊರಗಡೆ ಕೆಲಸ ಮಾಡ್ತಿದಾರೆ ಅನ್ಸುತ್ತೆ."

ಮಾವ ಕನ್ನಡಕದ ಮೇಲಿಂದ ನೋಡಿದರು. "ಎಂತ ಮಾತಾಡ್ತಿ ಮಾರಾಯ್ತಿ? ಅವರು ಅಂಥ ಜನ ಅಲ್ಲ." ಮತ್ತೆ ತಾವೇ, "ಹೇಳ್ಲಿಕ್ಕೆ ಬರುದಿಲ್ಲ, ಕಾಲ ಹಾಗೆ ಉಂಟು," ಎಂದರು. ಆ ಎರಡನೇ ಮಾತು ನನಗೆ ಅಪ್ಪಣೆಯಂತೆ ಕೇಳಿಸಿತು.

ಒಂದು ಮಂಗಳವಾರ ಮಧ್ಯಾಹ್ನ ಬಟನ್ ಫೋನು ಎರಡು ಸಲ ರಿಂಗಾಯಿತು. ಅವರು ಹೊರಟರು. ಐದು ನಿಮಿಷ ಬಿಟ್ಟು ನಾನೂ ಹೊರಟೆ. ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಅವರ ಖಾಕಿ ಚೀಲ ಕಂಡಿತು. ಅವರು ಕಲ್ಯಾಣದ ಸ್ಲೋ ಲೋಕಲ್ ಹತ್ತಿದರು. ನಾನು ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಿಂತು ಪ್ರತಿ ಸ್ಟೇಷನ್ನಿನಲ್ಲೂ ಕತ್ತು ಚಾಚಿದೆ. ಡೊಂಬಿವಿಲಿಯಲ್ಲಿ ಇಳಿದರು. ಸ್ಟೇಷನ್ನಿನ ಪೂರ್ವ ಬದಿಯ ತರಕಾರಿ ಗಾಡಿಗಳ ನಡುವೆ ಅವರ ಹಿಂದೆ ನಡೆದೆ. ಸಿಕ್ಕಿಬಿದ್ದರೆ ಅವರು ಏನು ಹೇಳಬಹುದು ಎಂಬುದಕ್ಕಿಂತ, ನಾನು ಏನು ಹೇಳುವುದು ಎಂಬುದೇ ಗೊತ್ತಿರಲಿಲ್ಲ.

ಅವರು ಏಳು ಮಹಡಿಯ ಒಂದು ಸೊಸೈಟಿಯ ಒಳಹೊಕ್ಕರು. ಗೋಡೆಯ ಮೇಲಿನ ಹೆಸರು ಓದಿದೆ. ನಮ್ಮದೇ ಗಿರಾಕಿಗಳು. ನಮ್ಮದೇ ಕಿರಿಯ ಮೆಕ್ಯಾನಿಕ್ ಲಿಫ್ಟಿನ ಬಾಗಿಲ ಬಳಿ ಕಾಯುತ್ತ ನಿಂತಿದ್ದ. ಹಿರಿಯರು ಚೀಲದಿಂದ ಬಾಗಿಲಿನ ಬೀಗವನ್ನು ತೆಗೆದು ಅವನ ಕೈಗಿತ್ತು, ತಿರುಗದೆಯೇ ಹೇಳಿದರು:

"ಒಳಗ ಬರ್ರಿ ಮೇಡಂ. ಬಿಸಲಾಗ ಯಾಕ ನಿಂತೀರಿ? ಠಾಣೆ ಬ್ರಿಜ್ ಮ್ಯಾಲೇ ನೋಡೀನಿ ನಿಮ್ಮನ್ನ."

ನಾನು ಒಳಗೆ ಹೋದೆ. ಅವರು ಮೆಟ್ಟಿಲ ಮೇಲೆ ಕೂತರು, ನನಗೂ ಜಾಗ ತೋರಿಸಿದರು.

"ಒಂದ ಮಿಸ್ಡ್ ಕಾಲ್ ಬಂದ್ರ ಕಾಯಿಲ್ ಸುಟ್ಟದ ಅಂತ. ಎರಡ ಬಂದ್ರ ಬಾಗಲಾ ಲಾಕ್. ಮೂರ ಬಂದ್ರ ನಾನೇ ಬರಬೇಕು, ಅವರ ಕೈಲಿ ಆಗಾಂಗಿಲ್ಲ. ಯಾವ ನಂಬರಿಂದ ಬಂತು ನೋಡಿದ್ರ ಯಾರು ಅಂತ ತಿಳಿತದ, ಅವ ಇವತ್ತ ಯಾವ ಬಿಲ್ಡಿಂಗಿಗೆ ಹೋಗ್ಯಾನ ಅಂತ ನನಗ ಗೊತ್ತಿರತದ. ಫುಕಟ್ ರೀ. ಒಂದ ಪೈಸೆ ಖರ್ಚಿಲ್ಲ. ಅದಕ್ಕ ಗೇಟ್ ದಾಟಿದ ಕೂಡ್ಲೇ ನಾ ನಿಮ್ಮ ಫೋನಿನ ನೆಟ್ ಬಂದ್ ಮಾಡ್ತೇನಿ."

"ನನಗೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳಲಿಲ್ಲಲ್ರಿ. ನೀವು ಕೇಳಿದ್ದು ಬರೇ ಎಲ್ಲಿ ಹೋಗಿದ್ರಿ ಅಂತ."

ಅಂದು ಸಂಜೆ ನಾನು ಮೊದಲ ಸಲ ನನ್ನ ಆ್ಯಪನ್ನೇ ಅನುಮಾನಿಸಿದೆ. ಆ ಕಿರಿಯನ ಫೋನ್ ಹಿಡಿದುಕೊಂಡು, ಅದೇ ಕಟ್ಟಡದ ತುದಿಯ ಮೆಷಿನ್ ಕೋಣೆಗೆ ಹತ್ತಿ ಒಂದು ಫೋಟೋ ಕಳಿಸಿದೆ. ಮುಕ್ಕಾಲು ಹೋಗಿ ಸಿಗ್ನಲ್ ಕಡಿಯಿತು. ಆ್ಯಪ್ ಮತ್ತೆ ಮೊದಲಿನಿಂದ ಕಳಿಸತೊಡಗಿತು. ಅರ್ಧಕ್ಕೆ ಮತ್ತೆ ಕಡಿಯಿತು. ಮತ್ತೆ ಮೊದಲಿನಿಂದ. ಒಂದೇ ಫೋಟೋ ಏಳೆಂಟು ಸಲ ಹೊರಟು ಒಮ್ಮೆಯೂ ತಲುಪಲಿಲ್ಲ, ಪ್ರತಿ ಸಲವೂ ಬ್ಯಾಲೆನ್ಸ್ ಇಳಿಯಿತು. ನಕ್ಷೆಯ ಚುಕ್ಕಿಗಾಗಿ ಪ್ರತಿ ನಿಮಿಷವೂ ಇನ್ನಷ್ಟು. ಹಾಗೆ ಬರೆದವಳು ನಾನೇ. ಮಹಾಪೆಯ ಆಫೀಸಿನಲ್ಲಿ ನೆಟ್ ಎಂದರೆ ನಲ್ಲಿಯ ನೀರಿನಂತೆ. ಅದಕ್ಕೆ ಬೆಲೆಯಿದೆ, ಕಡಿದು ಹೋದದ್ದಕ್ಕೂ ಬೆಲೆಯಿದೆ ಎಂದು ನನಗೆ ಆರು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಮರುದಿನ ಹಿರಿಯರ ಕ್ಷಮೆ ಕೇಳಿದೆ. ಅವರು, "ಇರ್ಲಿ ಬಿಡ್ರಿ," ಎಂದು ಚಹಾ ತರಿಸಿದರು.

ಆ್ಯಪ್ ಬದಿಗಿಟ್ಟು ಅವರ ಪದ್ಧತಿಯನ್ನೇ ಕಂಪ್ಯೂಟರಿಗೆ ಕಲಿಸಿದೆ. ಸಿಮ್ ಹಾಕಿದ ಒಂದು ಮೋಡೆಮ್ ಮಿಸ್ಡ್ ಕಾಲ್‌ಗಳನ್ನು ಹಿಡಿದು, ಯಾರು, ಎಷ್ಟು ಸಲ, ಯಾವ ಭಾಗ ಎಂದು ಪರದೆಯ ಮೇಲೆ ತೋರಿಸುತ್ತಿತ್ತು. ಒಂದು ದಿನವೂ ಕೈಕೊಡಲಿಲ್ಲ. ಓಡಾಟ ಅರ್ಧಕ್ಕಿಳಿಯಿತು. ಧೈರ್ಯ ಬಂದು, ಮರುವರ್ಷ ಅದನ್ನು ವಾಶಿಯಲ್ಲಿ ಹೊಸ ಉದ್ಯಮಗಳಿಗೆ ಹಣ ಹೂಡುವವರೊಬ್ಬರಿಗೆ ತೋರಿಸಿದೆ. ಬಹಳ ಮರ್ಯಾದೆಯ ಮನುಷ್ಯ. ಪೂರ್ತಿ ಕೇಳಿಸಿಕೊಂಡು, "ಇದು ಜುಗಾಡ್, ಹೇಗೋ ಕೆಲಸ ಸಾಗಿಸುವ ಉಪಾಯ, ಟೆಕ್ನಾಲಜಿ ಅಲ್ಲ. ಎರಡು ವರ್ಷದಲ್ಲಿ ಡೇಟಾ ಅಗ್ಗವಾಗುತ್ತೆ, ಆಗ ನಿಮ್ಮ ಆ್ಯಪ್ ತನ್ನಿ," ಎಂದರು.

ಎರಡು ವರ್ಷದಲ್ಲಿ ಆಗಲಿಲ್ಲ. ಮೂರರಲ್ಲೂ ಆಗಲಿಲ್ಲ. ನಾನು ಪ್ರತಿ ಆರು ತಿಂಗಳಿಗೊಮ್ಮೆ ಆ್ಯಪನ್ನು ಹೊರತೆಗೆದು, ಫೋಟೋ ಕುಗ್ಗಿಸಿ, ನಕ್ಷೆ ಕಿತ್ತು, ಕಡಿದಲ್ಲಿಂದಲೇ ಮುಂದುವರಿಯುವಂತೆ ಮಾಡಿ ಪರೀಕ್ಷಿಸುತ್ತಿದ್ದೆ. ಪ್ರತಿ ಸಲವೂ ಪ್ಯಾಕಿನ ದರ ನೋಡಿ ಮತ್ತೆ ಒಳಗಿಡುತ್ತಿದ್ದೆ. ಕಾಯಲು ಹಣವಿದ್ದವರು ಎಲ್ಲೋ ಕಾಯುತ್ತಿದ್ದಾರೆ, ನಾವು ಮಾತ್ರ ಕಾಯುತ್ತ ಕರಗುತ್ತಿದ್ದೇವೆ ಎಂಬ ಗುಮಾನಿ ಆಗಲೇ ಇತ್ತು.

2016ರ ಹೊತ್ತಿಗೆ ಡೇಟಾ ದಿಢೀರನೆ ಅಗ್ಗವಾಯಿತು, ಕೆಲವು ತಿಂಗಳು ಪುಕ್ಕಟೆಯೇ. ಕಲ್ಯಾಣ ಸ್ಟೇಷನ್ನಿನ ಹೊರಗೆ ಹೊಸ ಸಿಮ್ಮಿಗೆ ಸಾಲು ನಿಂತಿತು. ನಾನು ಆ್ಯಪನ್ನು ಐದೂ ಫೋನಿಗೆ ಹಾಕಿದೆ. ನಾಲ್ಕು ಚುಕ್ಕಿಗಳು ಊರೆಲ್ಲ ತಿರುಗಿದವು. ಹಿರಿಯರದು ಮಾತ್ರ ವಾಗ್ಳೆ ಎಸ್ಟೇಟಿನಿಂದ ಕದಲಲಿಲ್ಲ. ಈ ಸಲ ನೇರವಾಗಿಯೇ ಕೇಳಿದೆ.

"ಈಗ ಅಗ್ಗ ಆಯ್ತಲ್ಲ. ಇನ್ನೂ ಯಾಕೆ ಆಫ್ ಮಾಡ್ತೀರಾ?"

"ಆವಾಗ ರೊಕ್ಕ ತೊಗೊಂತಿದ್ರು, ಅದಕ್ಕ ಬಂದ್ ಮಾಡ್ತಿದ್ದೆ. ಈಗ ರೊಕ್ಕ ತೊಗೊಳ್ಳವಲ್ರು. ಮತ್ತೇನ್ ತೊಗೊಂತಾರ ಅಂತ ನೀವೇ ಹೇಳ್ರಿ."

 ಅಂದು ಅವರು ಡೇಟಾ ಆಫ್ ಮಾಡಿದ್ದು ಖರ್ಚಿಗೆ ಹೆದರಿಯೋ, ನನ್ನ ಕಣ್ಣು ತಪ್ಪಿಸಲೋ ಎಂದು ಆಗ ಮತ್ತೆ ಅನ್ನಿಸಿತು. ಕೇಳಲಿಲ್ಲ. ಈಗಲೂ ಗೊತ್ತಿಲ್ಲ.

ನಮ್ಮ ಆ್ಯಪಿಗೆ ಒಂದು ವರ್ಷವೂ ಸಿಗಲಿಲ್ಲ. ದೊಡ್ಡದೊಂದು ಲಿಫ್ಟ್ ಕಂಪನಿ ಲಿಫ್ಟುಗಳಿಗೆ ತನ್ನದೇ ಸಿಮ್ ಅಳವಡಿಸಿ, ಕೆಡುವ ಮೊದಲೇ ಸುದ್ದಿ ಕೊಡುವ ಯಂತ್ರ ತಂದಿತು. ಮೊದಲ ವರ್ಷ ಯಾವ ದುಡ್ಡೂ ಇಲ್ಲ ಎಂದಿತು. ಸೊಸೈಟಿಗಳು ಒಂದೊಂದಾಗಿ ಅತ್ತ ಸರಿದವು. ಉಳಿದ ಕರಾರುಗಳನ್ನು ಮಾವ ಅದೇ ಕಂಪನಿಗೆ ಒಪ್ಪಿಸಿದರು. ಕಾಗದಕ್ಕೆ ಸಹಿ ಹಾಕಿ ಬಂದವರು, "ಪುಕ್ಕಟೆ ಯಾರೂ ಕೊಡುದಿಲ್ಲ, ನೋಡ್ತಾ ಇರು," ಎಂದರು. ಎರಡನೇ ವರ್ಷ ಆ ಕಂಪನಿ ಹೇಳಿದ ದರ ಕೇಳಿ ಡೊಂಬಿವಿಲಿಯ ಆ ಸೊಸೈಟಿಯ ಸೆಕ್ರೆಟರಿ ಮಾವನಿಗೆ ಫೋನ್ ಮಾಡಿದರಂತೆ. ಅಷ್ಟರಲ್ಲಿ ನಮ್ಮ ವರ್ಕ್‌ಶಾಪನ್ನು ಬಾಡಿಗೆಗೆ ಹಿಡಿದ ಬೇರೊಬ್ಬರು ಅಲ್ಲಿ ಪ್ಯಾಕಿಂಗ್ ಡಬ್ಬ ಮಾಡುತ್ತಿದ್ದರು.

ನಾಲ್ವರು ಮೆಕ್ಯಾನಿಕ್‌ಗಳು ದೊಡ್ಡ ಕಂಪನಿ ಸೇರಿದರು. ನಾನು ಮಹಾಪೆಗೆ ಮರಳಿದೆ. ಹಿರಿಯರು ಎಲ್ಲಿಗೂ ಸೇರದೆ ಕಲ್ಯಾಣದ ಹಳೆಯ ಕಟ್ಟಡಗಳ ಲಿಫ್ಟು ನೋಡಿಕೊಳ್ಳುತ್ತಾರೆ. ಫೋನಿನಲ್ಲಿ ಮಾತು ಪುಕ್ಕಟೆಯಾದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ನನಗೆ ಫೋನ್ ಮಾಡಿ, ಮಗಳ ಶಾಲೆ, ಮಳೆ, ರೈಲು ಎಂದು ಅರ್ಧ ಗಂಟೆ ಮಾತಾಡುತ್ತಾರೆ. ಮೊದಲ ಐದು ನಿಮಿಷ ನಾನು, ಇವರಿಗೆ ಏನೋ ಬೇಕಾಗಿರಬೇಕು ಎಂದುಕೊಂಡೇ ಕೇಳುತ್ತಿರುತ್ತೇನೆ. ಇದುವರೆಗೆ ಅವರು ಏನೂ ಕೇಳಿಲ್ಲ.