ಹಲಗೆ ಒರೆಸಿದ ಇಸಾಕು

ಸಮುದ್ರದಾಚೆ ಸೈಬೀರಿಯಾದಲ್ಲಿ ಚಳಿಗಾಳಿ ಭಾರವಾಗಿ ಕವುಚಿ ಕೂತರೆ ಈಚೆ ನಮ್ಮೂರಿನ ಕಡೆ ಹಿಮ. ಅಷ್ಟು ಎಲ್ಲರಿಗೂ ಗೊತ್ತು. ಅದು ಬೀಳುವುದು ಬೆಟ್ಟಕ್ಕೋ ಊರಿಗೋ ಎಂಬುದು ಮಾತ್ರ ಊರವರ ಸ್ನಾನದ ಮನೆ ನಡೆಸುವ ಇಸಾಕು ಒಬ್ಬನಿಗೇ ಗೊತ್ತು. ಹಾಗೆಂದು ಹೇಳಿದವನೂ ಅವನೇ.

ರೇಡಿಯೋದಲ್ಲಿ ಊರೂರಿನ ಗಾಳಿಯ ಒತ್ತಡ ಓದುತ್ತಿದ್ದಂತೆ ಅವನು ನಕಾಶೆಯ ಮೇಲೆ ಒಂದೇ ಒತ್ತಡದ ಊರುಗಳನ್ನು ಸೇರಿಸಿ ಗೆರೆ ಎಳೆಯುತ್ತಾನೆ. ಗೆರೆಗಳು ಬಿದಿರ ತಟ್ಟಿಯ ಹಾಗೆ ನೆಟ್ಟಗೆ, ಒತ್ತೊತ್ತಾಗಿ ನಿಂತರೆ ಗಾಳಿ ಊರನ್ನು ದಾಟಿ ಹಿಮವನ್ನು ಬೆಟ್ಟಕ್ಕೆ ಸುರಿಯುತ್ತದೆ. ಸಮುದ್ರದ ಮೇಲೆ ಸಡಿಲಾಗಿ ಹೊಟ್ಟೆ ಬಿಟ್ಟರೆ ಊರಿಗೇ. ತೀರ್ಪನ್ನು ಬಾಗಿಲ ಹಲಗೆಯ ಮೇಲೆ ಬರೆದು, ಹಿಂದೆ ಸರಿದು, ತಾನೇ ಓದಿ ತಲೆದೂಗುತ್ತಾನೆ. ಸೈಬೀರಿಯಾ ಅವನ ಸೋದರಮಾವನ ಆಸ್ತಿಯೇನೋ ಎಂಬ ಧಾಟಿ.

ಆ ಚಳಿಗಾಲ ಪಕ್ಕದ ತೋಫು ಅಂಗಡಿಯ ಸೆಟ್ಸುವಿನ ಮಗಳಿಗೆ ಮದುವೆ. ಮದುಮಗಳು ದೇಗುಲಕ್ಕೆ ನಡೆದೇ ಹೋಗಬೇಕು. ಉಡುವುದು ಮುತ್ತಜ್ಜಿಯ ರೇಷ್ಮೆ. ಹಿಮಕ್ಕೆ ಸಿಕ್ಕಿ ಒದ್ದೆಯಾದರೆ ಅದರ ಕತೆ ಮುಗಿದಂತೆ.

“ಇಸಾಕಣ್ಣ, ನಾಳೆ ಮಧ್ಯಾಹ್ನ ಹೆಂಗೆ?” ಮದುವೆಯ ಹಿಂದಿನ ದಿನ ಸೆಟ್ಸು ಕೇಳಿದಳು.

“ತಟ್ಟಿ ಕಣಮ್ಮ, ತಟ್ಟಿ! ಹಿಮವೆಲ್ಲ ಬೆಟ್ಟಕ್ಕೆ. ಆರಾಮಾಗಿ ನಡೆಸ್ಕೊಂಡು ಹೋಗು.”

“ಸೈಬೀರಿಯಾ ಇವರನ್ನ ಕೇಳ್ಕೊಂಡೇ ಉಸಿರು ಬಿಡೋದು,” ಎಂದಳು ಅವನ ಹೆಂಡತಿ ಟೋಮೆ.

ಮರುದಿನ ಬೆಳಿಗ್ಗೆ ಇಸಾಕು ಗೆರೆ ಎಳೆದ. ಪೆನ್ಸಿಲ್ ಹೆರೆದು ಮತ್ತೆ ಎಳೆದ. ಟೋಮೆ ಇಣುಕಿದಳು.

“ಏನ್ರೀ ಇದು, ನಿಮ್ಮ ತಟ್ಟಿ ಬಸುರಿ ಆಗಿದೆ?”

ಹೊರಗೆ ಆಕಾಶ ತೊಳೆದಿಟ್ಟ ನೀಲಿ. ಬೆಳಗಿನ ಸ್ನಾನಕ್ಕೆ ಬಂದವರು ಹಲಗೆಯ ಮೇಲೆ ‘ಬೆಟ್ಟಕ್ಕೆ’ ಎಂದು ಓದುತ್ತಾ ನಿಂತಿದ್ದರು. ಅವರೆಲ್ಲರ ಎದುರೇ ಇಸಾಕು ಅದನ್ನು ತೋಳಿನಿಂದ ಒರೆಸಿ, ‘ಊರಿಗೆ, ಮಧ್ಯಾಹ್ನ’ ಎಂದು ಬರೆದು, ಪಕ್ಕದ ಮನೆಗೆ ಓಡಿದ.

“ಸೆಟ್ಸು, ಈಗಲೇ ಹೊರಡಿ!”

“ನಿನ್ನೆ ಆರಾಮಾಗಿ ಅಂದೋನು ನೀನೇ ಅಲ್ವಾ?”

“ಅದು ನಿನ್ನೆ ಗಾಳಿಗೆ ಹೇಳಿದ್ದು. ಮಾತಿಗೆ ತಪ್ಪಿದ್ದು ಗಾಳಿ, ನಾನಲ್ಲ.”

“ಅವಳ ತುರುಬು ಇನ್ನೂ ಅರ್ಧ ಆಗಿದೆ!”

“ಇನ್ನರ್ಧ ದೇಗುಲದಲ್ಲಿ ಕಟ್ಟಿ. ಪೂಜಾರಿಗೆ ನಾನು ಹೇಳ್ತೀನಿ.”

ಸ್ನಾನಕ್ಕೆ ಬಂದವರು ನೀಲಿ ಆಕಾಶ ತೋರಿಸಿ ನಕ್ಕರು. ಸೆಟ್ಸು ಆಕಾಶ ನೋಡಿದಳು, ಸೀಮೆಸುಣ್ಣ ಮೆತ್ತಿದ ಅವನ ತೋಳು ನೋಡಿದಳು. ಬರೆದದ್ದನ್ನು ಇಸಾಕು ಒರೆಸಿದ್ದನ್ನು ಅಲ್ಲಿಯವರೆಗೆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಅರ್ಧ ತುರುಬಿನಲ್ಲೇ ಮಗಳನ್ನು ಎಬ್ಬಿಸಿ ನಡೆಸಿಯೇಬಿಟ್ಟಳು.

ಮದುಮಗಳು ದೇಗುಲದ ಸೂರಿನಡಿ ಕಾಲಿಟ್ಟಳೋ ಇಲ್ಲವೋ, ಅಂಗೈಯಗಲದ ಹಿಮದ ಚಕ್ಕೆಗಳು ಇಳಿದು ಬೀದಿಯೇ ಮುಚ್ಚಿಹೋಯಿತು. ಸೆಟ್ಸು ರೇಷ್ಮೆಯನ್ನು ಅಂಚಿನವರೆಗೂ ಸವರಿದಳು: ಒಣಗಿಯೇ ಇತ್ತು. ಅವಳ ಕಣ್ಣು ಮಾತ್ರ ಒದ್ದೆ.

“ಅಂತೂ ಬಂತು ನಿಮ್ಮ ಹಿಮ,” ಎಂದಳು ಟೋಮೆ.

ಇಸಾಕು ಕೈಕಟ್ಟಿ ಆಕಾಶವನ್ನು ಗದರುವಂತೆ ನೋಡಿದ.

“ಅವಸರ ಮಾಡ್ಬಿಡ್ತು. ನಾನು ಬರೆದಿದ್ದು ಮಧ್ಯಾಹ್ನ ಅಂತ.”